ವಿಎಂಗೂ ಗೇಮಿಗೂ ಒಂದೇ ಕಂಪ್ಯೂಟರ್: ಯಾವ ಪ್ರೊಸೆಸರ್ ಎಂದು ಕೇಳುವವರಿಗೆ

ಹಗಲು ಸರ್ವರ್‌ಗಳ ಕೆಲಸ, ರಾತ್ರಿ ಗೇಮ್ ಎಂಬ ನನ್ನ ದಿನಚರಿ ಗೊತ್ತಿರುವವರೆಲ್ಲ ಒಂದಲ್ಲ ಒಂದು ದಿನ ಈ ಪ್ರಶ್ನೆ ಕೇಳಿಯೇ ಕೇಳುತ್ತಾರೆ: "ಮನೆಗೊಂದು ಕಂಪ್ಯೂಟರ್ ಜೋಡಿಸಬೇಕು. ಕಲಿಯುವುದಕ್ಕೆ ನಾಲ್ಕೈದು ವರ್ಚುವಲ್ ಮೆಷಿನ್ ಓಡಬೇಕು, ಗೇಮನ್ನೂ ಆಡಬೇಕು. ಯಾವ ಪ್ರೊಸೆಸರ್ ಕೊಳ್ಳಲಿ?"

ಉತ್ತರಕ್ಕೆ ಮೊದಲು ನಾನು ಕೇಳುವುದು ಇಷ್ಟೇ: ಗೇಮ್ ಆಡುತ್ತಿರುವಾಗಲೂ ಆ ವಿಎಂಗಳು, ಅಂದರೆ ಕಂಪ್ಯೂಟರಿನೊಳಗೆ ತಂತ್ರಾಂಶದಿಂದ ಕಟ್ಟಿದ ಆ ವರ್ಚುವಲ್ ಮೆಷಿನ್‌ಗಳು, ಓಡುತ್ತಿರಬೇಕೇ? ಬಹಳ ಮಂದಿ ಇದನ್ನು ಯೋಚಿಸಿಯೇ ಇರುವುದಿಲ್ಲ. ಓದುವಾಗ ಓದು, ಆಡುವಾಗ ಆಟ ಎನ್ನುವವರಿಗೆ ಎರಡು ಕೆಲಸದ ಕಂಪ್ಯೂಟರ್ ಎಂಬ ವಿಶೇಷ ವಸ್ತುವೇನೂ ಬೇಕಿಲ್ಲ. ಒಳ್ಳೆಯ ಗೇಮಿಂಗ್ ಕಂಪ್ಯೂಟರಿಗೆ ಸಾಮಾನ್ಯವಾಗಿ ಹಾಕುವುದರ ಎರಡರಷ್ಟು ರ‍್ಯಾಮ್ ಹಾಕಿದರೆ ಅವರ ಕೆಲಸ ಮುಗಿಯಿತು. ಎರಡೂ ಒಟ್ಟಿಗೇ ನಡೆಯಬೇಕು ಎನ್ನುವವರೊಂದಿಗೆ ಮಾತ್ರ ಪ್ರೊಸೆಸರಿನ ಚರ್ಚೆಗೆ ಅರ್ಥವಿದೆ.

ಆದರೆ ಇಬ್ಬರಿಗೂ ರ‍್ಯಾಮ್‌ನಿಂದಲೇ ಆರಂಭಿಸಬೇಕು. ಎಂಟು ಕೋರ್‌ಗಳ ಪ್ರೊಸೆಸರಿನಲ್ಲಿ (ಕೋರ್ ಎಂದರೆ ತನ್ನಷ್ಟಕ್ಕೆ ಲೆಕ್ಕ ಮಾಡುವ ಒಂದು ಘಟಕ) ಐದು ವಿಎಂಗಳನ್ನು ಎಬ್ಬಿಸಿ, ಒಂದೊಂದಕ್ಕೂ ನಾಲ್ಕು ಕೋರ್ ಎಂದು ಬರೆದುಕೊಟ್ಟರೂ ಏನೂ ಕೆಡುವುದಿಲ್ಲ. ಕಲಿಕೆಯ ವಿಎಂಗಳು ಬಹುಪಾಲು ಹೊತ್ತು ಸುಮ್ಮನೆ ಕುಳಿತಿರುತ್ತವೆ, ಕೋರ್‌ಗಳು ಸರದಿಯ ಮೇಲೆ ಎಲ್ಲರಿಗೂ ದಕ್ಕುತ್ತವೆ. ರ‍್ಯಾಮ್ ಹಾಗಲ್ಲ. ವಿಎಂ ಒಮ್ಮೆ ಬಳಸಿದ ಜಾಗವನ್ನು ಸುಲಭವಾಗಿ ಬಿಟ್ಟುಕೊಡುವುದಿಲ್ಲ. ಬಳಸದ ರ‍್ಯಾಮನ್ನು ಮರಳಿ ಪಡೆಯುವ ತಂತ್ರಗಳು ವಿಎಂ ಓಡಿಸುವ ತಂತ್ರಾಂಶಗಳಾದ ವಿಂಡೋಸ್‌ನ ಹೈಪರ್-ವಿಯಲ್ಲೂ ಲಿನಕ್ಸ್‌ನ ಕೆವಿಎಂನಲ್ಲೂ ಇವೆ, ಆದರೆ ಅವುಗಳನ್ನು ನಂಬಿ ರ‍್ಯಾಮ್ ಕಡಿಮೆ ಕೊಳ್ಳಬೇಡಿ. ಹಾಸಿಗೆ ಇದ್ದಷ್ಟೇ ಕಾಲು ಚಾಚಬೇಕು ಎಂಬ ಮಾತು ಅಕ್ಷರಶಃ ಅನ್ವಯಿಸುವುದು ಇಲ್ಲಿಯೇ.

ಒಂದು ಲೆಕ್ಕ ಹಾಕೋಣ. ಡೊಮೈನ್ ಕಂಟ್ರೋಲರ್ (ಜಾಲದ ಬಳಕೆದಾರರನ್ನೂ ಕಂಪ್ಯೂಟರುಗಳನ್ನೂ ನಿಭಾಯಿಸುವ ಸರ್ವರ್) ಆಗಿ ಒಂದು ವಿಂಡೋಸ್ ಸರ್ವರ್, 4 ಜಿಬಿ. ಅದಕ್ಕೆ ಸೇರಿಸಲು ಒಂದು ವಿಂಡೋಸ್ 11; ಮೈಕ್ರೋಸಾಫ್ಟ್ ಹೇಳುವ ಕನಿಷ್ಠ ಮಿತಿ 4 ಜಿಬಿ, ನೆಮ್ಮದಿಯಾಗಿ ಕೆಲಸ ಮಾಡಲು 8 ಬೇಕು. ಕಿಟಕಿ, ಐಕಾನ್‌ಗಳಿಲ್ಲದ ಮೂರು ಲಿನಕ್ಸ್ ಸರ್ವರ್, ತಲಾ 2. ಇಷ್ಟಕ್ಕೇ 18 ಆಯಿತು. ಹೋಸ್ಟ್ ವ್ಯವಸ್ಥೆಗೂ (ವಿಎಂಗಳನ್ನು ಹೊತ್ತಿರುವ ನಿಜವಾದ ಕಂಪ್ಯೂಟರಿನದು) ಬ್ರೌಸರಿಗೂ ಕಡಿಮೆಯೆಂದರೆ 6, ಈಚಿನ ದೊಡ್ಡ ಗೇಮಿಗೆ 12. ಒಟ್ಟು 36. ಅಂದರೆ 32 ಜಿಬಿಯ ಕಂಪ್ಯೂಟರ್ ದಡಕ್ಕೆ ಬಂದು ಮುಳುಗುತ್ತದೆ. ಅದಕ್ಕೇ ನನ್ನ ಉತ್ತರ ಸಾಮಾನ್ಯವಾಗಿ 64.

ಆ 64 ಅನ್ನು 32ರ ಎರಡು ಪಟ್ಟಿಗಳಾಗಿಯೇ ಕೊಳ್ಳಿ. ಈಗ ಎರಡು 16 ಹಾಕಿ ಮುಂದೆ ಇನ್ನೆರಡು ಸೇರಿಸುತ್ತೇನೆ ಎನ್ನುವವರು ಡಿಡಿಆರ್5 ಎಂಬ ಈಚಿನ ಬಗೆಯ ರ‍್ಯಾಮ್‌ನ ಒಂದು ಸ್ವಭಾವವನ್ನು ತಿಳಿದಿರಬೇಕು: ನಾಲ್ಕೂ ಜಾಗ ತುಂಬಿದರೆ ವೇಗ ಇಳಿಯುತ್ತದೆ. ರೈಜನ್ 7000 ಸಾಲಿನ ಪ್ರೊಸೆಸರ್‌ಗಳಿಗೆ ಎಎಂಡಿ ಅಧಿಕೃತವಾಗಿ ಒಪ್ಪುವ ವೇಗ ಎರಡು ಪಟ್ಟಿಗಳಿದ್ದರೆ 5200 (ಸೆಕೆಂಡಿಗೆ ದಶಲಕ್ಷ ವರ್ಗಾವಣೆಗಳ ಲೆಕ್ಕದಲ್ಲಿ), ನಾಲ್ಕಿದ್ದರೆ 3600. ವಿಎಂಗಳಿಗೆ ಈ ವ್ಯತ್ಯಾಸ ತಿಳಿಯುವುದೂ ಇಲ್ಲ, ಗೇಮಿಗೆ ತಿಳಿಯುತ್ತದೆ.

ಇನ್ನು ಪ್ರೊಸೆಸರ್. ಗೇಮಿಗೆ ಬೇಕಾದದ್ದು ಕೆಲವೇ ಚುರುಕು ಕೋರ್‌ಗಳು ಮತ್ತು ಧಾರಾಳವಾದ ಕ್ಯಾಶೆ, ಅಂದರೆ ಪ್ರೊಸೆಸರಿನೊಳಗಿನ ಅತಿ ವೇಗದ ಪುಟ್ಟ ಮೆಮೊರಿ. 2022ರಲ್ಲಿ ಬಂದ ರೈಜನ್ 7 5800ಎಕ್ಸ್3ಡಿ ಎಂಟೇ ಕೋರ್‌ಗಳಿದ್ದರೂ ಗೇಮ್‌ಗಳಲ್ಲಿ ಮೆರೆದದ್ದು 96 ಎಂಬಿ ಎಲ್3 ಕ್ಯಾಶೆಯ ಬಲದಿಂದ. ವಿಎಂಗಳಿಗೆ ಬೇಕಾದದ್ದು ಕೋರ್‌ಗಳ ಸಂಖ್ಯೆ. ಎರಡೂ ಬೇಕೆನ್ನುವವರಿಗೆ ಹದಿನಾರು ಕೋರ್‌ಗಳ 7950ಎಕ್ಸ್3ಡಿಯಂಥವು ಇವೆ. ಅದರೊಳಗೆ ಎಂಟೆಂಟು ಕೋರ್‌ಗಳ ಎರಡು ತುಂಡುಗಳಿದ್ದು, ಹೆಚ್ಚುವರಿ ಕ್ಯಾಶೆ ಒಂದರ ಮೇಲೆ ಮಾತ್ರ ಕುಳಿತಿದೆ. ಗೇಮ್ ಆ ತುಂಡಿನಲ್ಲಿ, ವಿಎಂಗಳು ಇನ್ನೊಂದರಲ್ಲಿ ಎಂದು ಹಂಚುವುದು ಲಿನಕ್ಸ್‌ನಲ್ಲಿ ಸಲೀಸು, ಯಾವ ವಿಎಂ ಯಾವ ಕೋರಿಗೆ ಅಂಟಿಕೊಂಡಿರಬೇಕೆಂದು ನಾವೇ ಬರೆದಿಡಬಹುದು. ವಿಂಡೋಸ್ ಇದನ್ನು ಗೇಮ್ ಬಾರ್ ನೆರವಿನಿಂದ ತಾನೇ ಊಹಿಸುತ್ತದೆ, ಊಹೆ ಕೆಲವೊಮ್ಮೆ ತಪ್ಪುತ್ತದೆ.

ಇಂಟೆಲ್‌ನ ಪಿ-ಕೋರ್ (ಚುರುಕಿನವು), ಇ-ಕೋರ್ (ವಿದ್ಯುತ್ ಉಳಿಸುವ ಪುಟ್ಟವು) ಬೆರೆತ ಪ್ರೊಸೆಸರ್‌ಗಳೂ ಈ ಕೆಲಸಕ್ಕೆ ಚೆನ್ನಾಗಿಯೇ ಒದಗುತ್ತವೆ. ಒಂದೇ ಕಿರಿಕಿರಿ: ವಿಎಂನ ಕಿಟಕಿಯನ್ನು ಕೆಳಗಿಳಿಸಿದೊಡನೆ ವಿಂಡೋಸ್ ಅದನ್ನು ಹಿನ್ನೆಲೆಯ ಕೆಲಸವೆಂದು ಬಗೆದು ಇ-ಕೋರ್‌ಗಳಿಗೆ ತಳ್ಳಿಬಿಡುವುದುಂಟು. ಆಡುವ ಹೊತ್ತಿನಲ್ಲಿ ಅದು ವರವೇ. ವಿಎಂನಲ್ಲಿ ದೊಡ್ಡ ಕಂಪೈಲ್ (ಕೋಡಿನಿಂದ ಪ್ರೋಗ್ರಾಮ್ ಕಟ್ಟುವ ಕೆಲಸ) ಓಡಿಸಿ ಬೇರೆ ಕಿಟಕಿಗೆ ಹೋದಾಗ ಮಾತ್ರ ಸಿಟ್ಟು ಬರುತ್ತದೆ.

ಗ್ರಾಫಿಕ್ಸ್ ಕಾರ್ಡಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕಲಿಕೆಯ ವಿಎಂಗಳಿಗೆ ಅದು ಬೇಕೇ ಇಲ್ಲ. ನಿಮ್ಮ ಪರದೆಯ ರೆಸಲ್ಯೂಷನ್ ನೋಡಿಕೊಂಡು ಗೇಮಿಗಾಗಿ ಆರಿಸಿ.

ಇಲ್ಲಿಗೆ ಬರುವಷ್ಟರಲ್ಲಿ ಯಾರಾದರೊಬ್ಬರು ಪಾಸ್‌ಥ್ರೂ ಎನ್ನುತ್ತಾರೆ. ಹೋಸ್ಟ್ ಲಿನಕ್ಸ್ ಆಗಿರಲಿ, ಗ್ರಾಫಿಕ್ಸ್ ಕಾರ್ಡನ್ನು ಪೂರ್ತಿಯಾಗಿ ಒಂದು ವಿಂಡೋಸ್ ವಿಎಂಗೆ ಒಪ್ಪಿಸಿ ಗೇಮನ್ನು ಅದರೊಳಗೇ ಆಡೋಣ ಎಂಬ ಯೋಜನೆ. ಸೊಗಸಾದ ಯೋಜನೆಯೇ. ವಿಎಂನೊಳಗೆ ಕಾರ್ಡ್ ಕಂಡರೆ ಕೋಡ್ 43 ಎಂಬ ದೋಷ ತೋರಿಸಿ ಮುಷ್ಕರ ಹೂಡುತ್ತಿದ್ದ ಎನ್‌ವಿಡಿಯಾ ಡ್ರೈವರ್ ಕೂಡ 2021ರಿಂದ ಸೌಮ್ಯವಾಗಿದೆ. ತೊಡಕು ಇರುವುದು ಮದರ್‌ಬೋರ್ಡಿನಲ್ಲಿ. ಬೋರ್ಡು ತನ್ನ ಸಾಧನಗಳನ್ನು ಐಒಎಂಎಂಯು ಗುಂಪುಗಳಾಗಿ ವಿಂಗಡಿಸುತ್ತದೆ, ಒಂದು ಗುಂಪಿನಲ್ಲಿರುವುದನ್ನೆಲ್ಲ ಒಟ್ಟಾಗಿಯೇ ವಿಎಂಗೆ ಕೊಡಬೇಕು. ಗ್ರಾಫಿಕ್ಸ್ ಕಾರ್ಡಿನ ಜೊತೆಗೆ ಅದರ ಎಚ್‌ಡಿಎಂಐ ಧ್ವನಿ ಸಾಧನ ಇರುವುದು ಸಹಜ, ಎರಡನ್ನೂ ಕೊಟ್ಟರಾಯಿತು. ಆದರೆ ಚಿಪ್‌ಸೆಟ್ಟಿಗೆ (ಬೋರ್ಡಿನ ಇತರ ಸಾಧನಗಳನ್ನು ನಿಭಾಯಿಸುವ ಚಿಪ್) ಸೇರಿದ ಸ್ಲಾಟಿನಲ್ಲಿ ಕಾರ್ಡ್ ಕೂರಿಸಿದರೆ ಡಿಸ್ಕ್ ಜೋಡಿಸುವ ಸಾಟಾ, ಯುಎಸ್‌ಬಿ, ನೆಟ್‌ವರ್ಕ್ ಎಲ್ಲವೂ ಅದರ ಗುಂಪಿನಲ್ಲೇ ಕಾಣಿಸಿಕೊಳ್ಳಬಹುದು. ಕೊಟ್ಟರೆ ಹೋಸ್ಟ್ ಬರಿಗೈ. ಜೊತೆಗೆ ಹೋಸ್ಟಿಗೆ ಚಿತ್ರ ತೋರಿಸಲು ಇನ್ನೊಂದು ಗ್ರಾಫಿಕ್ಸ್ ಇದ್ದರೆ ಒಳ್ಳೆಯದು. ಪ್ರೊಸೆಸರಿನೊಳಗಿನದು ಸಾಕು, ಆದರೆ ಹೆಸರಿನ ಕೊನೆಗೆ ಎಫ್ ಇರುವವುಗಳಲ್ಲಿ ಅದು ಸಿಗುವುದಿಲ್ಲ.

ಇಷ್ಟೆಲ್ಲ ಮಾಡಿದ ಮೇಲೂ ವ್ಯಾಲರಂಟ್ ಎಂಬ ಆನ್‌ಲೈನ್ ಗೇಮ್ ಓಡುವುದಿಲ್ಲ. ಅದರ ಮೋಸ ತಡೆಯುವ ತಂತ್ರಾಂಶ ವ್ಯಾನ್‌ಗಾರ್ಡ್ ವಿಎಂಗಳನ್ನು ಒಪ್ಪುವುದಿಲ್ಲ. ಆನ್‌ಲೈನ್ ಸ್ಪರ್ಧೆಯ ಗೇಮ್‌ಗಳನ್ನು ಆಡುವವರು ಪಾಸ್‌ಥ್ರೂ ಮಾತನ್ನು ಇಲ್ಲಿಗೇ ಕೈಬಿಡಬಹುದು. ಪಾಸ್‌ಥ್ರೂ ಒಂದು ಹವ್ಯಾಸ; ಅದನ್ನು ಕಟ್ಟುವುದರಲ್ಲೇ ಸುಖ ಕಾಣುವವರು ಮಾಡಲಿ. ಉಳಿದವರು ಗೇಮನ್ನು ಹೋಸ್ಟ್ ಮೇಲೆಯೇ ಆಡಿ, ವಿಎಂಗಳನ್ನು ಅದರ ಪಕ್ಕದಲ್ಲಿ ಓಡಿಸಲಿ ಎಂಬುದು ನನ್ನ ಅಭಿಪ್ರಾಯ.

ಹಾಗೆ ವಿಂಡೋಸ್ 11 ಮೇಲೆ ವಿಎಂ ಓಡಿಸಲು ವರ್ಚುವಲ್‌ಬಾಕ್ಸ್ ಬಳಸುವವರು ವಿಎಂ ಕಿಟಕಿಯ ಕೆಳಗಿನ ಪಟ್ಟಿಯನ್ನೊಮ್ಮೆ ಗಮನಿಸಿ. ಅಲ್ಲಿ ಪುಟ್ಟ ಹಸಿರು ಆಮೆ ಕಂಡರೆ, ಹೈಪರ್-ವಿ ಮೊದಲೇ ಪ್ರೊಸೆಸರಿನ ವರ್ಚುವಲೈಸೇಷನ್ ಸೌಲಭ್ಯವನ್ನು ಹಿಡಿದು ಕುಳಿತಿದೆ, ವರ್ಚುವಲ್‌ಬಾಕ್ಸ್ ಅದರ ಮೂಲಕ ನಿಧಾನವಾಗಿ ನಡೆಯುತ್ತಿದೆ ಎಂದರ್ಥ. ಡಬ್ಲ್ಯುಎಸ್‌ಎಲ್2 (ವಿಂಡೋಸ್ ಒಳಗೆ ಲಿನಕ್ಸ್ ಓಡಿಸುವ ಸೌಲಭ್ಯ) ಹಾಕಿಕೊಂಡಿದ್ದರೆ, ಇಲ್ಲವೇ ಮೆಮೊರಿ ಇಂಟೆಗ್ರಿಟಿ ಎಂಬ ಭದ್ರತಾ ಸೌಲಭ್ಯ ಚಾಲೂ ಇದ್ದರೆ ಹೀಗಾಗುತ್ತದೆ. ಆಮೆಯನ್ನು ತೊಲಗಿಸಲು ಭದ್ರತೆಯನ್ನು ಆಫ್ ಮಾಡುವುದು ನನಗೆ ಇಷ್ಟವಿಲ್ಲ. ವಿಂಡೋಸ್ ಪ್ರೊ ಇದ್ದರೆ ಹೈಪರ್-ವಿಯನ್ನೇ ಬಳಸಿ. ಹೋಮ್ ಆವೃತ್ತಿಯಲ್ಲಿ ಅದು ಬರುವುದಿಲ್ಲ. ವಿಎಂವೇರ್ ವರ್ಕ್‌ಸ್ಟೇಷನ್ ಪ್ರೊ ಕೂಡ 2024ರಿಂದ ಉಚಿತವಾಗಿದೆ.

ಎಸ್‌ಎಸ್‌ಡಿಗಳು ಎರಡಿರಲಿ, ಗೇಮ್‌ಗಳಿಗೊಂದು, ವಿಎಂಗಳಿಗೊಂದು. ಮೂರು ವಿಎಂಗಳು ಒಂದೇ ಹೊತ್ತಿಗೆ ಅಪ್‌ಡೇಟ್ ಶುರುಮಾಡಿದಾಗ ಈ ಮಾತಿನ ಬೆಲೆ ತಿಳಿಯುತ್ತದೆ. ವಿಎಂಗಳದ್ದು ಕ್ಯೂಎಲ್‌ಸಿ ಎಂಬ ಅಗ್ಗದ ಬಗೆಯದು ಆಗದಿರಲಿ, ಬರೆಯುವ ಕೆಲಸ ಜಾಸ್ತಿಯಾದರೆ ಅದರ ವೇಗ ಧೊಪ್ಪನೆ ಬೀಳುತ್ತದೆ.

ಎಲ್ಲ ಜೋಡಿಸಿದ ಮೇಲೆ ವಿಎಂ ಎದ್ದೇಳದಿದ್ದರೆ ತಂತ್ರಾಂಶವನ್ನು ಬೈಯುವ ಮೊದಲು ಬಯೋಸ್ (ಮದರ್‌ಬೋರ್ಡಿನ ಮೂಲ ಸೆಟ್ಟಿಂಗ್‌ಗಳಿರುವ ಪರದೆ) ತೆರೆದು ನೋಡಿ. ಎಎಂಡಿ ಬೋರ್ಡುಗಳಲ್ಲಿ ವರ್ಚುವಲೈಸೇಷನ್ ಸೌಲಭ್ಯದ ಹೆಸರು ಎಸ್‌ವಿಎಂ ಮೋಡ್, ಎಷ್ಟೋ ಬೋರ್ಡುಗಳಲ್ಲಿ ಅದು ಮೊದಲಿಗೆ ಆರಿಯೇ ಇರುತ್ತದೆ. ಬಯೋಸ್ ಅಪ್‌ಡೇಟ್ ಮಾಡಿದಾಗಲೂ ಹಳೆಯ ಆಯ್ಕೆಗಳು ಅಳಿಸಿಹೋಗುವುದರಿಂದ, ನಿನ್ನೆಯವರೆಗೆ ಓಡುತ್ತಿದ್ದ ವಿಎಂ ಇಂದು ನಿಂತಿದ್ದರೂ ಮೊದಲು ನೋಡಬೇಕಾದದ್ದು ಅಲ್ಲಿಯೇ. ರ‍್ಯಾಮ್ ವೇಗದ ಎಕ್ಸ್‌ಪೋ ಆಯ್ಕೆಯೂ ಆಗಲೇ ಆರಿರುತ್ತದೆ, ಅದನ್ನೂ ಹಚ್ಚಿ ಬನ್ನಿ.