ಮನಸ್ಸು ಮನಸ್ಸಿನ ನಡುವೆ ಕ್ವಾಂಟಮ್ ನಂಟು ಇದೆಯಾ?

ನಾನು ಭೌತಶಾಸ್ತ್ರ ಪಾಠ ಮಾಡುತ್ತೇನೆ ಅಂತ ಗೊತ್ತಾದ ಕೂಡಲೇ ಜನ ಈ ಪ್ರಶ್ನೆ ಕೇಳುತ್ತಾರೆ. ಮಗಳನ್ನು ನೆನೆಸಿಕೊಂಡ ಹೊತ್ತಿಗೇ ಅವಳ ಫೋನ್ ಬರುತ್ತದೆ. ದೂರದಲ್ಲಿರುವವರಿಗೆ ಏನಾದರೂ ಆದರೆ ಇಲ್ಲಿ ಕರುಳು ಚುರ್ ಅನ್ನುತ್ತದೆ. ಇದೇ ಅಲ್ವಾ ಕ್ವಾಂಟಮ್ ಎಂಟ್ಯಾಂಗಲ್‌ಮೆಂಟ್, ಅಂದರೆ ಎರಡು ಕಣಗಳು ಎಷ್ಟೇ ದೂರವಿದ್ದರೂ ಅವುಗಳ ಅಳತೆಯ ಫಲಿತಾಂಶಗಳು ಒಂದಕ್ಕೊಂದು ಹೊಂದುವ ನಂಟು?

ಅಲ್ಲ. ಆದರೆ ಸುಮ್ನೆ ಅಲ್ಲ ಅಂದುಬಿಟ್ಟರೆ ಕೇಳಿದವರ ಮನಸ್ಸಿಗೆ ನೋವಾಗುತ್ತದೆ. ಅದಕ್ಕೇ ಬಿಡಿಸಿ ಬರೆಯುತ್ತಿದ್ದೇನೆ.

ಒಂದು ಜೊತೆ ಚಪ್ಪಲಿಯನ್ನು ಎರಡು ಡಬ್ಬಿಯಲ್ಲಿಟ್ಟು ಒಂದನ್ನು ಬೀದರಿಗೆ, ಇನ್ನೊಂದನ್ನು ಮಂಗಳೂರಿಗೆ ಕಳಿಸಿದಿರಿ ಅಂದುಕೊಳ್ಳಿ. ಬೀದರಿನಲ್ಲಿ ಎಡಗಾಲಿನದು ಸಿಕ್ಕರೆ ಮಂಗಳೂರಿನದು ಬಲಗಾಲಿನದೇ. ಡಬ್ಬಿ ಮುಚ್ಚುವಾಗಲೇ ಅದು ತೀರ್ಮಾನವಾಗಿತ್ತು. ಜೋಡಿ ಕಣಗಳ ಗುಣಗಳೂ ಹೀಗೆ ಮೊದಲೇ ನಿಗದಿಯಾಗಿರಬೇಕು ಎಂದು ಐನ್‌ಸ್ಟೈನ್ ನಂಬಿದ್ದರು. 1935ರಲ್ಲಿ ಪೊಡೊಲ್‌ಸ್ಕಿ, ರೋಸೆನ್ ಜೊತೆ ಬರೆದ ಲೇಖನದಲ್ಲಿ ಆ ವಾದವಿದೆ. ಹಾಗಿದ್ದರೆ ಎರಡು ಕಡೆಯ ಫಲಿತಾಂಶಗಳ ಹೊಂದಾಣಿಕೆಗೆ ಒಂದು ಮಿತಿ ಇರಬೇಕು ಎಂದು 1964ರಲ್ಲಿ ಭೌತವಿಜ್ಞಾನಿ ಜಾನ್ ಬೆಲ್ ತೋರಿಸಿದರು. ಪ್ರಯೋಗಗಳಲ್ಲಿ ಫೋಟಾನ್‌ಗಳು, ಅಂದರೆ ಬೆಳಕಿನ ಕಣಗಳು, ಆ ಮಿತಿಯನ್ನು ದಾಟಿದವು! ಚಪ್ಪಲಿ ಜೋಡಿಯ ಲೆಕ್ಕ ಇಲ್ಲಿ ನಡೆಯುವುದಿಲ್ಲ ಅಂತಾಯಿತು. ಇಂಥ ಪ್ರಯೋಗಗಳಿಗಾಗಿ ಕ್ಲಾಸರ್, ಆಸ್ಪೆ, ಝೈಲಿಂಗರ್ ಅವರಿಗೆ 2022ರಲ್ಲಿ ನೊಬೆಲ್ ಬಂತು. ಎಷ್ಟು ಸಲ ಪಾಠ ಮಾಡಿದರೂ ನನಗೆ ಇದು ಬೆರಗೇ.

ಮುಂದಿನ ಭಾಗ ವಾಟ್ಸಾಪ್ ಫಾರ್ವರ್ಡ್‌ಗಳಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಈ ನಂಟಿನ ಮೂಲಕ ಸುದ್ದಿ ಕಳಿಸಲು ಆಗುವುದಿಲ್ಲ. ಪ್ರತಿ ಕಡೆಯೂ ಅಳತೆ ಮಾಡಿದಾಗ ಕಾಣುವುದು ಗೊತ್ತುಗುರಿಯಿಲ್ಲದ ಸೊನ್ನೆ, ಒಂದುಗಳ ಸಾಲು ಅಷ್ಟೇ. ಆ ಕಡೆ ಯಾರಾದರೂ ಅಳತೆ ಮಾಡಿದರಾ ಇಲ್ಲವಾ ಅನ್ನುವುದೂ ಈ ಕಡೆ ತಿಳಿಯುವುದಿಲ್ಲ. ಎರಡೂ ಪಟ್ಟಿಗಳನ್ನು ಫೋನಿನಲ್ಲೋ ಇಮೇಲಿನಲ್ಲೋ ತರಿಸಿ, ಪಕ್ಕಪಕ್ಕ ಇಟ್ಟು ನೋಡಿದ ಮೇಲೆಯೇ ಹೊಂದಾಣಿಕೆ ಕಾಣುವುದು. ಅಮ್ಮನ ಸಂಕಟವನ್ನು ಮಗಳಿಗೆ ಮುಟ್ಟಿಸುವ ಕೆಲಸ ಇದರಿಂದ ಸಾಧ್ಯವೇ ಇಲ್ಲ.

ಮೇಲಾಗಿ ಇದು ತುಂಬಾ ನಾಜೂಕು. ಸುತ್ತಲಿನ ಅಣುಗಳು ತಾಗಿದರೆ ಸಾಕು, ಕಳಚಿಹೋಗುತ್ತದೆ. ಬೆಚ್ಚಗಿನ, ಒದ್ದೆಯಾದ ಮಿದುಳಿನಲ್ಲಿ ಇಂಥ ಕ್ವಾಂಟಮ್ ಸ್ಥಿತಿ ಸೆಕೆಂಡಿನ ಲಕ್ಷ ಕೋಟಿಯ ಒಂದು ಪಾಲಿನಷ್ಟು ಹೊತ್ತೂ ಉಳಿಯದು ಎಂದು 2000ರಲ್ಲಿ ಭೌತವಿಜ್ಞಾನಿ ಮ್ಯಾಕ್ಸ್ ಟೆಗ್ಮಾರ್ಕ್ ಲೆಕ್ಕ ಹಾಕಿದರು.

ಕ್ವಾಂಟಮ್ ಭೌತಶಾಸ್ತ್ರದ ಮೂಲ ಸಮೀಕರಣ ಕೊಟ್ಟ ಶ್ರೋಡಿಂಗರ್ ವೇದಾಂತ ಒಪ್ಪಿದ್ದರಲ್ಲ ಅಂತ ಕೆಲವರು ಕೇಳುತ್ತಾರೆ. ನಿಜ, ಎಲ್ಲರ ಪ್ರಜ್ಞೆ ಒಂದೇ ಎಂದು ಅವರು ನಂಬಿದ್ದರು. ಆದರೆ ಅದನ್ನು ಅವರು ಬರೆದದ್ದು 1925ರಲ್ಲಿ. ಅವರ ಸಮೀಕರಣ ಪ್ರಕಟವಾದದ್ದು 1926ರಲ್ಲಿ. ಆ ನಂಬಿಕೆ ಸಮೀಕರಣದಿಂದ ಹುಟ್ಟಿದ್ದಲ್ಲ.

ಧ್ಯಾನದಲ್ಲೋ ಭಜನೆಯಲ್ಲೋ ಇನ್ನೊಬ್ಬರೊಡನೆ ಒಂದಾದ ಅನುಭವ ಆದವರಿಗೆ ಅದು ಸುಳ್ಳು ಅಂತ ನಾನು ಹೇಳುತ್ತಿಲ್ಲ. ಅದಕ್ಕೆ ಭೌತಶಾಸ್ತ್ರದ ಸರ್ಟಿಫಿಕೇಟ್ ಬೇಕಾಗಿಯೂ ಇಲ್ಲ. ಆದರೆ ಅದೇ ಸರ್ಟಿಫಿಕೇಟ್ ತೋರಿಸಿ, ದೂರದಿಂದಲೇ ಕ್ವಾಂಟಮ್ ಚಿಕಿತ್ಸೆ ಕೊಡುತ್ತೇವೆ ಎಂದು ಕಾಯಿಲೆಯವರಿಂದ ದುಡ್ಡು ಕೀಳುವವರನ್ನು ಕಂಡರೆ ನನಗೆ ನಿಜಕ್ಕೂ ಸಿಟ್ಟು ಬರುತ್ತದೆ.

ತಾಯಿ ಮಗುವಿನ ನಂಟಿಗೆ ದೇಹದಲ್ಲೇ ಗುರುತು ಬೇಕೆಂದರೆ ಜೀವಶಾಸ್ತ್ರದಲ್ಲಿ ಇದೆ. ಬಸಿರಿನಲ್ಲಿ ಮಗುವಿನ ಕೆಲವು ಜೀವಕೋಶಗಳು ತಾಯಿಯ ರಕ್ತಕ್ಕೆ ಸೇರುತ್ತವೆ. ಗಂಡು ಮಗು ಹೆತ್ತು 27 ವರ್ಷ ಕಳೆದ ಮೇಲೂ ಒಬ್ಬ ತಾಯಿಯ ರಕ್ತದಲ್ಲಿ ಗಂಡು ಜೀವಕೋಶಗಳು ಸಿಕ್ಕಿದ್ದನ್ನು ಡಯಾನಾ ಬಿಯಾಂಕಿ ತಂಡ 1996ರಲ್ಲಿ ಪ್ರಕಟಿಸಿತು. ತಾಯಿಯ ಜೀವಕೋಶಗಳೂ ಮಕ್ಕಳ ದೇಹದಲ್ಲಿ ಬಹಳ ಕಾಲ ಉಳಿಯುತ್ತವೆ. ಅವು ಅಲ್ಲಿ ಏನೇನು ಮಾಡುತ್ತವೆ ಎಂಬ ಸಂಶೋಧನೆ ಇನ್ನೂ ನಡೆಯುತ್ತಿದೆ.