‘ವಯಸ್ಸಾದ ನಾಯಿನ ಯಾಕೆ ತಂದ್ರಿ? ಇನ್ನೆಷ್ಟು ದಿನ ಇರುತ್ತೆ?’

ನಮ್ಮ ನಾಯಿ ಬೆಲ್ಲಳನ್ನು ವಾಕಿಂಗ್ ಕರೆದುಕೊಂಡು ಹೋದಾಗ ಯಾರಾದರೂ ಒಬ್ಬರು ನಿಲ್ಲಿಸಿ ಮಾತಾಡಿಸುತ್ತಾರೆ. ಮೊದಲು ‘ಎಷ್ಟು ವರ್ಷ ಇದಕ್ಕೆ?’ ಅಂತ. 11 ಅನ್ನುತ್ತೇನೆ. ‘ಮರಿಯಿಂದ ನೀವೇ ಸಾಕಿದ್ದಾ?’ ಇಲ್ಲ, 9 ವರ್ಷ ಆದ ಮೇಲೆ ತಂದೆವು ಅನ್ನುತ್ತೇನೆ. ಆಗ ಬರುತ್ತದೆ ನೋಡಿ, ಮೈಸೂರಿನ ನಮ್ಮ ಬೀದಿಯಲ್ಲಿ ಈ ಎರಡು ವರ್ಷದಲ್ಲಿ ನಾನು ಅದೆಷ್ಟು ಸಲ ಕೇಳಿದ್ದೇನೋ ಆ ಪ್ರಶ್ನೆ. ‘ಅಯ್ಯೋ, ವಯಸ್ಸಾದ ನಾಯಿನ ಯಾಕೆ ತಂದ್ರಿ? ಇನ್ನೆಷ್ಟು ದಿನ ಇರುತ್ತೆ?’

ಕೇಳುವವರ ಮೇಲೆ ನನಗೆ ಬೇಸರ ಇಲ್ಲ. ತುಂಬಾ ಜನ ತಮ್ಮ ನಾಯಿಯನ್ನು ಕಳೆದುಕೊಂಡವರೇ ಆಗಿರುತ್ತಾರೆ. ಆ ನೋವನ್ನು ಇವರು ಬೇಕಂತಲೇ ಮನೆಗೆ ಕರೆದುಕೊಂಡರಲ್ಲ ಅಂತ ಅವರಿಗೆ ಅನ್ನಿಸುತ್ತದೆ. ಆದರೆ ರಸ್ತೆಯಲ್ಲಿ ನಿಂತು ಎರಡು ಮಾತಲ್ಲಿ ಹೇಳಿ ಮುಗಿಸುವ ಉತ್ತರ ಅಲ್ಲ ಇದು. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮ ಹಳೇ ನಾಯಿ ತೀರಿಕೊಂಡ ಮೇಲೆ ಅವನ ಉಳಿದ ಆಹಾರ, ಹಾಸಿಗೆ, ಹೊದಿಕೆ ಎಲ್ಲ ಗಂಟು ಕಟ್ಟಿಕೊಂಡು ಬೆಂಗಳೂರಿನ ಹೊರಗಿನ ಒಂದು ರೆಸ್ಕ್ಯೂ ಸೆಂಟರ್‌ಗೆ ಕೊಡಲು ಹೋಗಿದ್ದೆವು. ನಾಯಿ ತರುವ ಯೋಚನೆಯೇ ಇರಲಿಲ್ಲ. ಮರಿಗಳ ಗೂಡಿನ ಮುಂದೆ ಜನ ಇದ್ದರು. ಸಾಲಿನ ಕೊನೆಯಲ್ಲಿ ಬೆಲ್ಲದ ಬಣ್ಣದ ಒಂದು ಲ್ಯಾಬ್ರಡಾರ್ ಸಿಮೆಂಟ್ ನೆಲದ ಮೇಲೆ ಮಲಗಿತ್ತು. ಮೊಣಕೈ ಎರಡೂ ಕೂದಲು ಉದುರಿ, ಕಪ್ಪಾಗಿ, ಚಪ್ಪಲಿಯ ಅಟ್ಟೆ ಹಾಗೆ ದಡ್ಡುಗಟ್ಟಿದ್ದವು. ವರ್ಷಗಟ್ಟಲೆ ಗಟ್ಟಿ ನೆಲದ ಮೇಲೆ ಮಲಗಿದ ಗುರುತು ಅದು. ಮೊಲೆಗಳು ಜೋತುಬಿದ್ದಿದ್ದವು. ಬಾಗಿಲು ತೆಗೆದರೂ ಎದ್ದು ಬರಲಿಲ್ಲ. ಬಾಲವನ್ನು ಮಾತ್ರ ನೆಲಕ್ಕೆ ಎರಡು ಸಲ ಬಡಿದಳು.

ನೋಡಿಕೊಳ್ಳುವ ಹುಡುಗ ಹೇಳಿದ: ‘ಮರಿ ಬಂದ್ರೆ ವಾರದಲ್ಲಿ ಹೋಗುತ್ತೆ. ಇವಳು ಬಂದು ಹದಿನಾಲ್ಕು ತಿಂಗಳಾಯ್ತು. ಒಬ್ಬರೂ ಕೇಳಿಲ್ಲ.’

ಮರಿ ಹಾಕಿಸಿ ಮಾರುವವರ ಹತ್ತಿರ ಇದ್ದವಳಂತೆ. ಮರಿ ಆಗುವುದು ನಿಂತ ಮೇಲೆ ರಸ್ತೆಗೆ ಬಿಟ್ಟಿದ್ದರು. ಇದಕ್ಕೆಲ್ಲ ಕಾನೂನು ಇಲ್ಲ ಅಂತಲ್ಲ. 2017ರ ನಿಯಮದ ಪ್ರಕಾರ 8 ವರ್ಷ ದಾಟಿದ ಹೆಣ್ಣುನಾಯಿಯಿಂದ ಮರಿ ಹಾಕಿಸುವ ಹಾಗಿಲ್ಲ. ಜೀವಮಾನದಲ್ಲಿ 5 ಸಲಕ್ಕಿಂತ ಜಾಸ್ತಿ ಹಾಕಿಸುವ ಹಾಗೂ ಇಲ್ಲ. ಹಸಿವು, ಬಾಯಾರಿಕೆಯಿಂದ ನರಳುವಂತೆ ಪ್ರಾಣಿಯನ್ನು ಬಿಟ್ಟುಹೋಗುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಲ್ಲಿ ಅಪರಾಧ. ಮೊದಲ ಸಲದ ದಂಡ 10 ರೂಪಾಯಿಯಿಂದ 50 ರೂಪಾಯಿ. ಅದನ್ನು ಓದಿದ ರಾತ್ರಿ ಸಿಟ್ಟಿಗೆ ನನಗೆ ನಿದ್ದೆ ಹತ್ತಲಿಲ್ಲ.

ಇನ್ನೆಷ್ಟು ದಿನ ಅನ್ನುವ ಲೆಕ್ಕ ನಾವೂ ಹಾಕಿದೆವು. ಲ್ಯಾಬ್ರಡಾರ್‌ಗಳು ಸಾಮಾನ್ಯವಾಗಿ 10ರಿಂದ 12 ವರ್ಷ ಬದುಕುತ್ತವೆ. ಅಂದರೆ ಎರಡೋ ಮೂರೋ ವರ್ಷ. ವಾಪಸ್ ಬರುವಾಗ ರಾಮನಗರ ದಾಟುವವರೆಗೂ ಕಾರಿನಲ್ಲಿ ಯಾರೂ ಮಾತಾಡಲಿಲ್ಲ. ಆಮೇಲೆ ನನ್ನ ಹೆಂಡತಿ ಹೇಳಿದಳು: ‘ನಾವು ಕರ್ಕೊಂಡು ಬರದಿದ್ರೆ ಅವಳೇನೂ ಜಾಸ್ತಿ ದಿನ ಬದುಕಲ್ಲ ಅಲ್ವಾ? ಅವಳು ಸಾಯೋದನ್ನ ನಾವು ನೋಡಲ್ಲ, ಅಷ್ಟೇ.’

ನನ್ನ ಉತ್ತರ ಇದೇ. ಆ ಎರಡು ವರ್ಷವನ್ನು ಬೆಲ್ಲ ಎಲ್ಲೋ ಒಂದು ಕಡೆ ಕಳೆಯಲೇಬೇಕಿತ್ತು. ಆ ಸಿಮೆಂಟ್ ನೆಲದ ಮೇಲೆ, ಸುತ್ತ ಅಷ್ಟೊಂದು ನಾಯಿಗಳು ಬೊಗಳುವ ನಡುವೆ. ಇಲ್ಲವೇ ನಮ್ಮ ಹಾಲ್‌ನಲ್ಲಿ, ಫ್ಯಾನಿನ ಕೆಳಗೆ.

ಸೆಂಟರ್‌ನವರು ಮನೆಗೆ ಬಂದು ನೋಡಿ, ಒಪ್ಪಂದಕ್ಕೆ ಸಹಿ ಹಾಕಿಸಿಕೊಂಡು ಕಳಿಸಿಕೊಟ್ಟರು. ಸಂತಾನಹರಣ ಆಪರೇಷನ್, ಲಸಿಕೆ ಎಲ್ಲ ಅವರೇ ಮುಗಿಸಿದ್ದರು.

ಮೊದಲ ದಿನವೇ ಗೊತ್ತಾಯಿತು, ವಯಸ್ಸಾದ ನಾಯಿಗೆ ಮನೆಯಲ್ಲಿ ದೊಡ್ಡ ಶತ್ರು ನುಣುಪು ನೆಲ. ನಮ್ಮದು ಗ್ರಾನೈಟ್. ಹಿಂಗಾಲು ಎರಡೂ ಅತ್ತ ಇತ್ತ ಜಾರಿ, ಎದ್ದು ನಿಲ್ಲಲಾಗದೆ ನಮ್ಮ ಮುಖ ನೋಡಿದಳು. ಅವತ್ತೇ ಅಟ್ಟದಲ್ಲಿದ್ದ ಜಮಖಾನಗಳನ್ನೆಲ್ಲ ಇಳಿಸಿದೆವು. ಹಾಲ್‌ನಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಹಿತ್ತಲಿಗೆ ಒಂದು ದಾರಿಯ ಹಾಗೆ ಹಾಸಿದೆವು. ಪಾದದ ಬೆರಳುಗಳ ನಡುವೆ ಬೆಳೆದ ಕೂದಲು ಕತ್ತರಿಸಿ, ಉಗುರು ಚಿಕ್ಕದು ಮಾಡಿದ ಮೇಲೆ ಹಿಡಿತ ಇನ್ನೂ ಸಿಕ್ಕಿತು. ಮೆತ್ತನೆ ಹಾಸಿಗೆ ಹಾಕಿಕೊಟ್ಟರೆ ಮೂಸಿ ನೋಡಿ, ಪಕ್ಕದ ಬರೀ ನೆಲದ ಮೇಲೆ ಮಲಗುತ್ತಿದ್ದಳು. ಹತ್ತೊಂಬತ್ತು ದಿನ ಹೀಗೇ. ಇಪ್ಪತ್ತನೇ ದಿನ ಬೆಳಿಗ್ಗೆ ಎದ್ದು ನೋಡಿದರೆ ಹಾಸಿಗೆಯ ಮೇಲೆ ನಾಲ್ಕೂ ಕಾಲು ಚಾಚಿ ಮಲಗಿದ್ದಳು. ನಾವಿಬ್ಬರೂ ಸದ್ದು ಮಾಡದೆ ಬಾಗಿಲಲ್ಲೇ ನಿಂತುಬಿಟ್ಟೆವು.

‘ಕಾಯಿಲೆ ಜಾಸ್ತಿ ಅಲ್ವಾ?’ ಅನ್ನುವುದು ಇದರ ಹಿಂದೆಯೇ ಬರುವ ಮಾತು. ಹೌದು, ಸುಳ್ಳು ಹೇಳಲ್ಲ. ಬೆಲ್ಲಳಿಗೆ ಸಂಧಿವಾತ ಇದೆ. ಆರು ತಿಂಗಳಿಗೊಮ್ಮೆ ರಕ್ತ ಪರೀಕ್ಷೆ ಮಾಡಿಸಿ ಕಿಡ್ನಿ, ಲಿವರ್ ನೋಡುತ್ತೇವೆ. ನಮ್ಮ ಕಡೆ ಉಣ್ಣೆ ಹುಳ ಕಚ್ಚಿ ಬರುವ ಜ್ವರದ ಕಾಟವೂ ಇದೆ. ಔಷಧಿ, ಊಟ ಸೇರಿ ತಿಂಗಳಿಗೆ ಸುಮಾರು 5,000 ರೂಪಾಯಿ ಎತ್ತಿಡುತ್ತೇವೆ. ಒಂದು ಮಾತು ಇಲ್ಲಿ ಹೇಳಲೇಬೇಕು. ಕಾಲು ನೋವು ಅಂತ ನಾವು ನುಂಗುವ ಮಾತ್ರೆಯನ್ನು ದಯವಿಟ್ಟು ನಾಯಿಗೆ ಕೊಡಬೇಡಿ. ಐಬುಪ್ರೊಫೆನ್ ಅವುಗಳ ಹೊಟ್ಟೆಯಲ್ಲಿ ಹುಣ್ಣು ಮಾಡಿ ಕಿಡ್ನಿಯನ್ನೇ ಕೆಡಿಸುತ್ತದೆ. ಸಾರನ್ನವೂ ಬೇಡ, ಈರುಳ್ಳಿ ಬೆಳ್ಳುಳ್ಳಿ ಅವುಗಳ ರಕ್ತಕ್ಕೆ ವಿಷ. ಇನ್ನು ಕಣ್ಣಲ್ಲಿ ನೀಲಿ ಮಬ್ಬು ಕಂಡ ಕೂಡಲೇ ಕುರುಡು ಅಂದುಕೊಳ್ಳಬೇಡಿ. ವಯಸ್ಸಿಗೆ ಕಣ್ಣಿನ ಮಸೂರ ಗಟ್ಟಿಯಾದಾಗಲೂ ಹಾಗೆ ಕಾಣುತ್ತದೆ, ದೃಷ್ಟಿ ಅಷ್ಟೇನೂ ಹೋಗುವುದಿಲ್ಲ. ಪೊರೆ ಬೇರೆ, ಇದು ಬೇರೆ. ವೈದ್ಯರು ನೋಡಿ ಹೇಳುತ್ತಾರೆ.

ಕಳೆದ ವರ್ಷ ಒಂದು ಬೆಳಿಗ್ಗೆ ಬೆಲ್ಲ ಏಳಲು ಹೋಗಿ ದೊಪ್ಪನೆ ಬಿದ್ದಳು. ತಲೆ ಎಡಕ್ಕೆ ವಾಲಿತ್ತು. ಕಣ್ಣುಗುಡ್ಡೆ ಪಟಪಟ ಅಂತ ಪಕ್ಕಕ್ಕೆ ಹೊಡೆದುಕೊಳ್ಳುತ್ತಿತ್ತು. ಲಕ್ವ ಹೊಡೆಯಿತು, ಇನ್ನು ಮುಗಿಯಿತು ಅಂತಲೇ ಅಂದುಕೊಂಡೆವು. ವೈದ್ಯರು ಪರೀಕ್ಷೆ ಮಾಡಿ, ಇದು ಲಕ್ವ ಇರಲಾರದು ಅಂದರು. ಕಿವಿಯ ಒಳಗಿನ ಸಮತೋಲನದ ವ್ಯವಸ್ಥೆ ಇದ್ದಕ್ಕಿದ್ದಂತೆ ಕೈಕೊಡುವ ವೆಸ್ಟಿಬ್ಯುಲರ್ ತೊಂದರೆ, ವಯಸ್ಸಾದ ನಾಯಿಗಳಲ್ಲಿ ಆಗುತ್ತಿರುತ್ತದೆ, ಹೆಚ್ಚಿನವು ಎರಡು ಮೂರು ವಾರದಲ್ಲಿ ಚೇತರಿಸಿಕೊಳ್ಳುತ್ತವೆ ಅಂದರು. ವಾಂತಿಗೆ ಔಷಧಿ ಕೊಟ್ಟರು. ನಾವು ಹೊಟ್ಟೆಯ ಕೆಳಗೆ ಟವೆಲ್ ಹಾಕಿ ಎತ್ತಿಹಿಡಿದು ಹಿತ್ತಲಿಗೆ ನಡೆಸಿದೆವು. ಬಟ್ಟಲನ್ನು ಬಾಯಿಯ ಹತ್ತಿರ ಹಿಡಿದು ನೀರು ಕುಡಿಸಿದೆವು. ನಾಲ್ಕನೇ ದಿನ ತಾನೇ ನಿಂತಳು. ತಲೆ ಈಗಲೂ ಒಂದು ಚೂರು ವಾಲಿದೆ, ಏನೋ ಕೇಳಿಸಿಕೊಳ್ಳುತ್ತಿರುವ ಹಾಗೆ. ಇಂಥ ಸ್ಥಿತಿಯಲ್ಲಿ ಮುದಿನಾಯಿಗೆ ಕೊನೆಯ ಇಂಜೆಕ್ಷನ್ ಕೊಡಿಸಿಬಿಡೋಣ ಅಂತ ಎಷ್ಟು ಮನೆಯವರು ಅವಸರ ಮಾಡುತ್ತಾರೋ ಏನೋ. ಸ್ವಲ್ಪ ಕಾಯಿರಿ, ದಯವಿಟ್ಟು.

ಎಲ್ಲರೂ ವಯಸ್ಸಾದ ನಾಯಿ ತರಬೇಕು ಅಂತ ನಾನು ಹೇಳಲ್ಲ. ಲಿಫ್ಟ್ ಇಲ್ಲದ ಮೂರನೇ ಮಹಡಿಯಲ್ಲಿದ್ದರೆ 30 ಕಿಲೋ ನಾಯಿಯನ್ನು ದಿನಾ ಹೊತ್ತು ಇಳಿಸಲಾಗುವುದಿಲ್ಲ. ದಿನವಿಡೀ ಬೀಗ ಹಾಕಿರುವ ಮನೆಗೂ ಕಷ್ಟ, ಮೂತ್ರ ತಡೆದುಕೊಳ್ಳುವ ಶಕ್ತಿ ಅವುಗಳಿಗೆ ಕಡಿಮೆ. ಆದರೆ ನಿವೃತ್ತಿಯಾಗಿ ಮನೆಯಲ್ಲಿರುವವರು, ‘ಮರಿ ಸಾಕುವ ವಯಸ್ಸು ನಮ್ಮದಲ್ಲ’ ಅನ್ನುವವರು ಇದ್ದಾರಲ್ಲ, ಇಂಥ ನಾಯಿ ಅವರಿಗೇ ಸರಿ. ಚಪ್ಪಲಿ ಕಡಿಯಲ್ಲ, ವಾಕಿಂಗ್‌ನಲ್ಲಿ ನಮ್ಮನ್ನು ಎಳೆದಾಡಲ್ಲ. ಗುಣ ಎಂಥದ್ದು ಅಂತ ಮೊದಲೇ ಗೊತ್ತಿರುತ್ತದೆ. ಮಕ್ಕಳ ಹತ್ತಿರ, ಬೆಕ್ಕಿನ ಹತ್ತಿರ ಹೇಗಿರುತ್ತದೆ ಅಂತ ಸೆಂಟರ್‌ನಲ್ಲಿ ನೋಡಿಕೊಳ್ಳುವವರೇ ಹೇಳುತ್ತಾರೆ.

ನೋಡಲು ಹೋಗುವುದಾದರೆ ವಾರದ ದಿನ ಮಧ್ಯಾಹ್ನ ಹೋಗಿ, ಗಲಾಟೆ ಕಡಿಮೆ. ಮರಿಗಳನ್ನು ದಾಟಿ ಸಾಲಿನ ಕೊನೆಯವರೆಗೂ ನಡೆಯಿರಿ. ಅಲ್ಲಿರುವ ನಾಯಿ ಎದ್ದು ಬರದಿದ್ದರೆ ಕೂಡಲೇ ಮುಂದೆ ಹೋಗಬೇಡಿ. ಪಕ್ಕದಲ್ಲಿ ಸುಮ್ನೆ ನೆಲದ ಮೇಲೆ ಕೂತುಕೊಳ್ಳಿ. ಒಂದು ಇಪ್ಪತ್ತು ನಿಮಿಷ, ಕೈ ಚಾಚದೆ.