ನೋವಾದರೇನೇ ಕಲೆ ಬರುತ್ತಾ ಅಂತ ಕೇಳುವವರಿಗೆ

ದಾವಣಗೆರೆಯಲ್ಲಿ ಭಾನುವಾರ ಚಿತ್ರಕಲೆ ಹೇಳಿಕೊಡುತ್ತೇನೆ. ಹರೆಯದ ಮಕ್ಕಳ ಮನೆಯವರು ಕೇಳುವುದು ಒಂದೇ: "ಮೇಷ್ಟ್ರೇ, ಮನಸ್ಸಿಗೆ ನೋವಾದ್ರೇನೇ ಕಲೆ ಬರೋದಂತಲ್ರಿ, ಹೌದೇನ್ರಿ?" ಅಲ್ಲ. ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ, ಅದಕ್ಕೇ ಬರೆಯುತ್ತಿದ್ದೇನೆ.

ಹೋದ ವರ್ಷ ಒಬ್ಬರು ಸೆಕೆಂಡ್ ಪಿಯುಸಿ ಓದುವ ತಮ್ಮನ ಮಗಳನ್ನು ಪಕ್ಕದಲ್ಲೇ ನಿಲ್ಲಿಸಿಕೊಂಡು, "ನಮ್ಮ ತಮ್ಮ ಹೋದ ಮೇಲೆ ಇವಳ ಕೈ ಭಾರೀ ಕುದುರೇತಿ ನೋಡ್ರಿ" ಅಂದರು. ಹುಡುಗಿ ನೆಲ ನೋಡಿದಳು. ಅಪ್ಪ ಹೋದ ಮೇಲೆ ನಾಲ್ಕು ತಿಂಗಳು ಅವಳು ಒಂದು ಗೆರೆ ಎಳೆದಿರಲಿಲ್ಲ. ಬರುತ್ತಿದ್ದಳು, ಪೆನ್ಸಿಲ್ ಚೂಪು ಮಾಡುತ್ತಿದ್ದಳು, ಖಾಲಿ ಹಾಳೆ ಬಿಟ್ಟು ಹೋಗುತ್ತಿದ್ದಳು. ಮತ್ತೆ ಬಿಡಿಸಿದ್ದು ಎಲ್ಲರನ್ನೂ ಚಿತ್ರದುರ್ಗದ ಕೋಟೆಗೆ ಕರೆದೊಯ್ದ ದಿನ. ಓಬವ್ವನ ಕಿಂಡಿಯಲ್ಲಿ ಒಬ್ಬ ಹುಡುಗನ ಬ್ಯಾಗು ಸಿಕ್ಕಿಕೊಂಡಿತು. ಹೊಟ್ಟೆ ಹಿಡಿದುಕೊಂಡು ನಕ್ಕಳು. ಆಮೇಲೆ ಬಂಡೆಯ ನೆರಳಲ್ಲಿ ಕೂತು ಆ ಬ್ಯಾಗನ್ನೇ ಬಿಡಿಸಿದಳು. ಅಪ್ಪನ ಮುಖ ಹಾಳೆಗೆ ಬಂದದ್ದು ಎಷ್ಟೋ ವಾರ ಕಳೆದ ಮೇಲೆ.

1987ರಲ್ಲಿ ಮನಶ್ಶಾಸ್ತ್ರಜ್ಞೆ ಆಲಿಸ್ ಐಸೆನ್ ಮತ್ತು ಸಂಗಡಿಗರು ಅಮೆರಿಕದ ಕಾಲೇಜು ಮಕ್ಕಳಿಗೆ ಮೇಣದಬತ್ತಿ, ಬೆಂಕಿಕಡ್ಡಿ, ಒಂದು ಪೆಟ್ಟಿಗೆ ಡ್ರಾಯಿಂಗ್ ಪಿನ್ ಕೊಟ್ಟು, ಮೇಣ ಕೆಳಗೆ ತೊಟ್ಟಿಕ್ಕದಂತೆ ಬತ್ತಿಯನ್ನು ಗೋಡೆಗೆ ನಿಲ್ಲಿಸಿ ಅಂದರು. ಪಿನ್ ಸುರಿದು, ಪೆಟ್ಟಿಗೆಯನ್ನೇ ಗೋಡೆಗೆ ಚುಚ್ಚಿ ಗೂಡು ಮಾಡಬೇಕು. ಮೊದಲು ಹಾಸ್ಯದ ತುಣುಕು ನೋಡಿ ನಕ್ಕವರಿಗೇ ಅದು ಹೆಚ್ಚು ಹೊಳೆಯಿತು. 25 ವರ್ಷಗಳ ಇಂಥ ಸಂಶೋಧನೆಗಳನ್ನು 2008ರಲ್ಲಿ ಒಟ್ಟಿಗಿಟ್ಟು ನೋಡಿದಾಗಲೂ ಬರೀ ದುಃಖಕ್ಕೂ ಸೃಜನಶೀಲತೆಗೂ ನಂಟು ಕಾಣಲಿಲ್ಲ. ಹೆದರಿಕೆ, ಆತಂಕ ಇದ್ದಲ್ಲಿ ಯೋಚನೆ ಬಿಗಿದುಕೊಂಡಿತ್ತು. ಸಿಇಟಿ ಹೆದರಿಕೆ ಹೊತ್ತು ಬರುವ ಮಕ್ಕಳ ಕೈ ನೋಡಿದರೆ ನನಗದು ಗೊತ್ತಾಗುತ್ತದೆ: ಅಳಿಸುವ ರಬ್ಬರೇ ಮೊದಲು ಸವೆಯುತ್ತದೆ.

ಆ ವಯಸ್ಸಿನಲ್ಲಿ ಭಾವನೆ ಉಕ್ಕುವುದು ಬೇಗ. ಅದನ್ನು ಹಿಡಿದು ನಡೆಸುವ ಮೆದುಳಿನ ಮುಂಭಾಗ ಪೂರ್ತಿ ಬಲಿಯಲು ಸುಮಾರು 25 ವರ್ಷ ಬೇಕು. ಅಲ್ಲೀತನಕ ಪಕ್ಕದಲ್ಲಿ ದೊಡ್ಡವರು ಇರಬೇಕು.

"ಆ ನಾಲ್ಕು ತಿಂಗಳು ನೀವೇನು ಮಾಡಿದ್ರಿ?" ಅಂತ ಒಬ್ಬರಾದರೂ ಕೇಳಲಿ ಅಂತಿತ್ತು. ಕಿಟಕಿ ಪಕ್ಕದ ಅವಳ ಜಾಗ ಯಾರಿಗೂ ಕೊಡಲಿಲ್ಲ. ಯಾಕೆ ಬಿಡಿಸಿಲ್ಲ ಅಂತ ಕೇಳಲಿಲ್ಲ. ಹಾಳೆ ಮಾತ್ರ ಪ್ರತಿ ವಾರ ಹೊಸದು ಇಟ್ಟೆ.

ದೊಡ್ಡಪ್ಪನಿಗೆ ಇದನ್ನೆಲ್ಲ ಆವತ್ತೇ ಹೇಳಬೇಕಿತ್ತು. ಹುಡುಗಿ ಅಲ್ಲೇ ನಿಂತಿದ್ದಳು, ಸುಮ್ಮನಾದೆ.